ಮಳೆಗಾಲಕ್ಕೆ ದೋಣಿ ದಡ ಹತ್ತುವ ಮುನ್ನ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ವಿನಾಯಿತಿ ಇದೆ. ಅದಕ್ಕಿಂತ ದೊಡ್ಡ ಎಂಜಿನ್ನಿನ ಫೈಬರ್ ದೋಣಿಗಳು, ಮಲ್ಪೆ, ಮುರ್ಡೇಶ್ವರದ ಕಡೆ ಪ್ರವಾಸಿಗರನ್ನು ಕರೆದೊಯ್ಯುವ ಬೋಟುಗಳು ಎಲ್ಲವೂ ದಡ ಹತ್ತಲೇಬೇಕು. ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದಕ್ಕೇ ಸಂಬಂಧಿಸಿದ್ದರಿಂದ ಇಡೀ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ಹಿಡಿದಿಟ್ಟುಕೊಳ್ಳಬೇಕಾದ ಮಾತು ಒಂದೇ. ದೋಣಿ ಕಡಲಲ್ಲಿ ಕೆಡುವುದಕ್ಕಿಂತ ದಡದಲ್ಲಿ ನಿಂತಾಗ ಹೆಚ್ಚು ಕೆಡುತ್ತದೆ. ಒಳಗೆ ಉಳಿದ ಉಪ್ಪು ಮತ್ತು ಹೊರಗಿನಿಂದ ಬಂದು ಹೊರಹೋಗಲಾಗದ ಮಳೆನೀರು, ಇವೆರಡೇ ಅದಕ್ಕೆ ಕಾರಣ.

ಪ್ರಶ್ನೆ: ನಮ್ಮದು 28 ಅಡಿಯ ಫೈಬರ್ ದೋಣಿ, ಹಿಂಬದಿಯಲ್ಲಿ ಹೊರಗೆ ಕಟ್ಟುವ 25 ಅಶ್ವಶಕ್ತಿಯ ಟೂ-ಸ್ಟ್ರೋಕ್ ಎಂಜಿನ್ (ಔಟ್‌ಬೋರ್ಡ್). ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುತ್ತೇವೆ. ಕಳೆದ ಆಗಸ್ಟ್‌ನಲ್ಲಿ ಹಗ್ಗ ಎಳೆದರೆ ಎಂಜಿನ್ ತಿರುಗಲೇ ಇಲ್ಲ, ಪಿಸ್ಟನ್ನಿನ ರಿಂಗ್ ಹಿಡಿದಿದೆ ಎಂದರು ಮೆಕ್ಯಾನಿಕ್. ಚೆನ್ನಾಗಿ ಓಡುತ್ತಿದ್ದುದನ್ನೇ ಬಿಚ್ಚಿ ಇಟ್ಟಿದ್ದೆವು. ಹೀಗೇಕಾಯಿತು? — ಗಂಗೊಳ್ಳಿಯ ಓದುಗರು

ಉತ್ತರ: ಟೂ-ಸ್ಟ್ರೋಕ್ ಎಂಜಿನ್ನಿನ ಒಳಗೆ ಆಯಿಲ್ ತುಂಬಿದ ಚೇಂಬರ್ ಇಲ್ಲ. ಇಂಧನದ ಜತೆ ಬರುವ ಆಯಿಲೇ ಸಿಲಿಂಡರ್, ಬೇರಿಂಗ್‌ಗಳಿಗೆ ಆಧಾರ. ಸೀಮೆಎಣ್ಣೆಯಲ್ಲೇ ಓಡಿಸಿ ಹಾಗೆಯೇ ನಿಲ್ಲಿಸಿದರೆ ಪೂರ್ತಿ ಉರಿಯದ ಸೀಮೆಎಣ್ಣೆ ಕ್ರ್ಯಾಂಕ್‌ಕೇಸಿನಲ್ಲಿ ಉಳಿದು, ಇದ್ದ ಆಯಿಲ್ ಪದರವನ್ನೂ ತೊಳೆದುಬಿಡುತ್ತದೆ. ಆಮೇಲೆ ಎರಡು ತಿಂಗಳು ಜೂನ್, ಜುಲೈನ ಒದ್ದೆ ಗಾಳಿ ಎಕ್ಸಾಸ್ಟ್ ದಾರಿಯಾಗಿ ಒಳಗೆ ಹೋಗಿ ಬರುತ್ತಿರುತ್ತದೆ. ಬರಿಮೈಯ ಸಿಲಿಂಡರ್ ತುಕ್ಕು ಹಿಡಿಯುತ್ತದೆ, ರಿಂಗು ಇಂಗಾಲದ ಅಂಟಿನಲ್ಲಿ ಕೂತುಬಿಡುತ್ತದೆ. ಎಂಜಿನ್ ಚೆನ್ನಾಗಿ ಓಡುತ್ತಿತ್ತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಕೊನೆಯ ಅರ್ಧ ಗಂಟೆ ಹೇಗೆ ಓಡಿಸಿದಿರಿ ಎಂಬುದು ಬರುತ್ತದೆ.

ಆ ಅರ್ಧ ಗಂಟೆಯನ್ನು ಹೀಗೆ ಬಳಸಿ. 200 ಲೀಟರಿನ ಡ್ರಮ್ಮಿನ ಬಾಯಿ ಕತ್ತರಿಸಿ, ಪಕ್ಕದಲ್ಲಿ ಗಟ್ಟಿ ಹಲಗೆಯ ಸ್ಟ್ಯಾಂಡ್ ಮಾಡಿ ಎಂಜಿನ್ ಕಟ್ಟಿ. ಪ್ರೊಪೆಲ್ಲರ್ ಬಿಚ್ಚಿಡಿ. ಸಿಹಿನೀರು ಪ್ರೊಪೆಲ್ಲರಿನ ಮೇಲಿರುವ ಅಗಲದ ತಟ್ಟೆಯಿಂದ ಒಂದು ಗೇಣು ಮೇಲೆ ಇರಲಿ. ನ್ಯೂಟ್ರಲ್‌ನಲ್ಲಿ, ಸಣ್ಣ ವೇಗದಲ್ಲಿ 10ರಿಂದ 15 ನಿಮಿಷ ಓಡಲಿ. ಐದು ನಿಮಿಷಕ್ಕೆ ನಿಲ್ಲಿಸಿದರೆ ಪ್ರಯೋಜನ ಕಡಿಮೆ. ಥರ್ಮೋಸ್ಟಾಟ್ ಇರುವ ಎಂಜಿನ್ನಿನಲ್ಲಿ ಅದು ಬಿಸಿಯಾಗಿ ತೆರೆದ ಮೇಲಷ್ಟೇ ಸಿಹಿನೀರು ಬ್ಲಾಕಿನ ಒಳಗೆಲ್ಲ ಓಡಾಡಿ ಉಪ್ಪನ್ನು ಕರಗಿಸುತ್ತದೆ. ಡ್ರಮ್ಮಿನ ನೀರು ಉಪ್ಪಾಗಿ, ಎಣ್ಣೆ ತೇಲಿ, ಬಿಸಿಯಾಗುವುದರಿಂದ ನಡುವೆ ಒಮ್ಮೆ ಬದಲಿಸಿ. ಈ ಕೆಲಸ ಬಯಲಲ್ಲೇ ಆಗಬೇಕು. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಜೀವಕ್ಕೇ ಅಪಾಯ.

ಈ 15 ನಿಮಿಷವೂ ಸೀಮೆಎಣ್ಣೆ ಬೇಡ. ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟಿಸಿ-ಡಬ್ಲ್ಯು3 ದರ್ಜೆಯ ಔಟ್‌ಬೋರ್ಡ್ ಆಯಿಲ್ ಬೆರೆಸಿದರೆ 50ಕ್ಕೆ 1ರ ಪ್ರಮಾಣ. ನಿಮ್ಮ ಎಂಜಿನ್ನಿನ ಕೈಪಿಡಿ ಇದಕ್ಕಿಂತ ಹೆಚ್ಚು ಹೇಳಿದ್ದರೆ ಅದೇ ಸರಿ. ಕೊನೆಗೆ ಇಂಧನದ ಪೈಪ್ ಕಳಚಿ. ಕಾರ್ಬೊರೇಟರ್‌ನಲ್ಲಿ ಉಳಿದದ್ದು ಖಾಲಿಯಾಗಿ ಎಂಜಿನ್ ತಡವರಿಸುವ ಹೊತ್ತಿಗೆ ಗಾಳಿ ಎಳೆಯುವ ಬಾಯಿಗೆ ಫಾಗಿಂಗ್ ಸ್ಪ್ರೇ (ಒಳಗೆಲ್ಲ ಆಯಿಲ್ ಪದರ ಕಟ್ಟಿಸುವ ಸ್ಪ್ರೇ) ಹೊಡೆಯಿರಿ. ದಟ್ಟ ಬಿಳಿ ಹೊಗೆ ಬಂದು ತಾನೇ ನಿಲ್ಲುತ್ತದೆ. ಸ್ಪ್ರೇ ಸಿಗದಿದ್ದರೆ ಮುಂದಿನ ಹೆಜ್ಜೆಯೇ ಸಾಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಸುಮಾರು 10 ಮಿ.ಲೀ. ಔಟ್‌ಬೋರ್ಡ್ ಆಯಿಲ್ ಬಿಡಿ. ಸ್ಟಾಪ್ ಸ್ವಿಚ್ಚಿನ ಕ್ಲಿಪ್ ತೆಗೆದಿಟ್ಟು ಹಗ್ಗವನ್ನು ಐದಾರು ಸಲ ನಿಧಾನವಾಗಿ ಎಳೆದು ಪ್ಲಗ್ ಹಾಕಿ. ಆಗಸ್ಟ್‌ನಲ್ಲಿ ರಿಂಗ್ ಹಿಡಿಯುವುದನ್ನು ತಪ್ಪಿಸುವುದು ಈ 10 ಮಿ.ಲೀ. ಆಯಿಲೇ.

ಕಾರ್ಬೊರೇಟರಿನ ತಳದ ಸ್ಕ್ರೂ ಬಿಚ್ಚಿ ಉಳಿದ ಇಂಧನವನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಿ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತೇವ ಮಿತಿಮೀರಿದರೆ ನೀರು-ಎಥೆನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಕಾರ್ಬೊರೇಟರಿನ ಅಲ್ಯುಮಿನಿಯಮ್ಮನ್ನು ತಿಂದು ಬಿಳಿ ಪುಡಿ ಕಟ್ಟಿಸುವುದು ಅದೇ. ಹಾಗಾಗಿ ಬಿಡಿ ಟ್ಯಾಂಕಿನಲ್ಲಿ ಆಯಿಲ್ ಬೆರೆಸಿದ ಪೆಟ್ರೋಲನ್ನು ಎರಡು ತಿಂಗಳು ಇಡಬೇಡಿ. ಖಾಲಿ ಮಾಡಿ, ಒಣಗಿಸಿ, ಮುಚ್ಚಳ ಬಿಗಿದು ನೆರಳಲ್ಲಿಡಿ.

ಇನ್ನು ಗೇರ್ ಆಯಿಲ್. ಇದನ್ನು ಆಗಸ್ಟ್‌ನಲ್ಲಿ ಬದಲಿಸಿದರಾಯಿತು ಎಂದು ಬಿಡುವವರೇ ಹೆಚ್ಚು, ಅದು ತಪ್ಪು ಲೆಕ್ಕ. ಕೆಳಗಿನ ಸ್ಕ್ರೂ ಬಿಚ್ಚಿದಾಗ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಒಳಗೆ ಹೋಗಿದೆ ಎಂದರ್ಥ. ಆ ನೀರಿನಲ್ಲಿ ಗೇರು, ಬೇರಿಂಗು ಎರಡು ತಿಂಗಳು ಮುಳುಗಿರಲು ಬಿಟ್ಟರೆ ಹಲ್ಲಿನ ಮೇಲೆ ತುಕ್ಕಿನ ಗುಳಿ ಬೀಳುತ್ತದೆ. ಹೆಚ್ಚಿನ ಸಲ ಕಾರಣ ಪ್ರೊಪೆಲ್ಲರ್ ಶಾಫ್ಟಿನ ಸೀಲ್. ಬಲೆಯ ನೈಲಾನ್ ದಾರ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ದಿರುತ್ತದೆ. ಪ್ರೊಪೆಲ್ಲರ್ ಹೇಗೂ ಬಿಚ್ಚಿದ್ದೀರಿ, ಅಲ್ಲಿ ನೋಡಿ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ಒತ್ತಿ ತುಂಬಿಸಿ. ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ತುಂಬಿದೆ ಎಂದು ಮೋಸ ಹೋಗುತ್ತೀರಿ. ಎರಡೂ ಸ್ಕ್ರೂಗಳ ವಾಷರ್ ಹೊಸದಾಗಿರಲಿ.

ಶಾಫ್ಟಿನ ಹಲ್ಲುಗಳಿಗೆ ನೀರಿಗೆ ಕರಗದ ಗ್ರೀಸ್ ಬಳಿಯಿರಿ, ಗ್ರೀಸ್ ನಿಪ್ಪಲ್‌ಗಳಿಗೆ ಹಳೆಯ ಗ್ರೀಸ್ ಪೂರ್ತಿ ಹೊರಬರುವವರೆಗೆ ಪಂಪ್ ಮಾಡಿ. ಎಂಜಿನ್ನಿನ ಬದಲು ತಾನು ಸವೆಯುವ ಸತುವಿನ ತುಂಡು, ಅಂದರೆ ಆನೋಡ್, ಅರ್ಧ ಸವೆದಿದ್ದರೆ ಬದಲಿಸಿ, ಅದರ ಮೇಲೆ ಬಣ್ಣ ಮಾತ್ರ ಬಳಿಯಬೇಡಿ. ಬಣ್ಣ ಬಳಿದ ಆನೋಡ್ ಎಂಜಿನ್ನನ್ನು ಕಾಯುವುದಿಲ್ಲ.

ಎಂಜಿನ್ನನ್ನು ನೆಟ್ಟಗೇ ನಿಲ್ಲಿಸಿ ಇಡಬೇಕು. ತಲೆ ಕೆಳಗಾಗಿ ಮಲಗಿಸಿದರೆ ಎಂಜಿನ್ನಿನ ಕೆಳಗಿನ ಕಾಲಿನಲ್ಲಿ ಉಳಿದ ನೀರು ಎಕ್ಸಾಸ್ಟ್ ಮೂಲಕ ಸಿಲಿಂಡರಿಗೆ ಇಳಿಯುತ್ತದೆ, ಆಯಿಲ್ ಹಾಕಿದ್ದೆಲ್ಲ ದಂಡ. ಹೊದಿಕೆ ಹತ್ತಿ ಬಟ್ಟೆಯದಿರಲಿ, ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿದರೆ ಒಳಗೆ ಬೆವರುತ್ತದೆ. ಹದಿನೈದು ದಿನಕ್ಕೊಮ್ಮೆ ಹಗ್ಗವನ್ನು ಮೆಲ್ಲಗೆ ಎಳೆದು ಎಂಜಿನ್ನನ್ನು ಒಂದೆರಡು ಸುತ್ತು ತಿರುಗಿಸಿ. ನೀರಿನ ಪಂಪಿನ ರಬ್ಬರ್ ಇಂಪೆಲ್ಲರಿನ ಎಸಳುಗಳು ಒಂದೇ ಕಡೆ ಬಾಗಿ ಸೆಟೆದುಕೊಳ್ಳದಂತೆ ಇದು ನೋಡಿಕೊಳ್ಳುತ್ತದೆ.

ಪ್ರಶ್ನೆ: ದೋಣಿಗೆ ಟಾರ್ಪಾಲ್ ಹೊದೆಸಿದ್ದರೂ ಕಳೆದ ಮಳೆಗಾಲದಲ್ಲಿ ಒಳಗೆಲ್ಲ ನೀರು ತುಂಬಿ, ಹಿಂಬದಿಯ ಅಡಿಯಲ್ಲಿ ಬಿರುಕು ಬಂತು. ಮರಳಿನ ಮೇಲೆ ಎರಡು ತೆಂಗಿನ ದಿಮ್ಮಿ ಹಾಕಿ ಇಟ್ಟಿದ್ದೆವು. — ಬೈಂದೂರು ಕಡೆಯ ಓದುಗರು

ಉತ್ತರ: ಒಂದು ಲೆಕ್ಕ ನೋಡಿ. ನಿಮ್ಮ ದೋಣಿಯ ತೆರೆದ ಜಾಗ ಸುಮಾರು 10 ಚದರ ಮೀಟರ್ ಎನ್ನೋಣ. ಆಷಾಢದಲ್ಲಿ ಒಂದೇ ದಿನ 100 ಮಿ.ಮೀ. ಮಳೆ ನಮ್ಮ ಕಡೆ ಅಪರೂಪವೇನಲ್ಲ. ಅಷ್ಟು ಮಳೆ ದೋಣಿಗೆ ಬಿದ್ದರೆ 1,000 ಲೀಟರ್ ನೀರು, ಅಂದರೆ ಒಂದು ಟನ್ ಭಾರ. ಕಡಲಿನಲ್ಲಿ ದೋಣಿಯ ಅಡಿಗೆಲ್ಲ ನೀರಿನ ಆಸರೆ ಸಮವಾಗಿರುತ್ತದೆ. ದಡದಲ್ಲಿ ಎರಡೇ ದಿಮ್ಮಿ. ನೀರು ಹಿಂಬದಿಗೆ ಹರಿದು ನಿಂತಾಗ ಆ ಭಾರವೆಲ್ಲ ಹಿಂದಿನ ದಿಮ್ಮಿಯ ಅಂಚಿನ ಮೇಲೆ ಕೂತಿದೆ, ತಗಡಿನಷ್ಟೇ ದಪ್ಪದ ಫೈಬರ್ ಅಲ್ಲಿ ಬಾಗಿ ಬಿರಿದಿದೆ.

ಭಾರ ಹೊರಬೇಕಾದದ್ದು ಅಡಿಯ ನಡುವಿನ ಕೀಲ್. 28 ಅಡಿಯ ದೋಣಿಗೆ ಕೀಲಿನ ಕೆಳಗೆ ಕನಿಷ್ಠ ನಾಲ್ಕು ಕಡೆ ಆಸರೆ ಕೊಡಿ, ಅದರಲ್ಲಿ ಒಂದು ಎಂಜಿನ್ ಕಟ್ಟುವ ಹಿಂಬದಿ ಹಲಗೆಯ ನೇರ ಕೆಳಗೇ ಇರಲಿ. ಪಕ್ಕದ ಆಸರೆಗಳು ದೋಣಿ ವಾಲದಂತೆ ತಡೆಯಲಷ್ಟೇ, ಅವು ಒಳಗಿನ ಅಡ್ಡ ಪಟ್ಟಿಗಳ ಜಾಗಕ್ಕೆ ಸರಿಯಾಗಿ ಬರಬೇಕು. ಪಟ್ಟಿಯಿಲ್ಲದ ಬರಿ ಮೈಗೆ ಕೊಟ್ಟರೆ ಅಲ್ಲಿ ತಗ್ಗು ಬೀಳುತ್ತದೆ. ಮರಳಿನ ಮೇಲೆ ನೇರ ಕಲ್ಲಿಡಬೇಡಿ. ಮಳೆನೀರು ಹರಿದು ಮರಳು ಜಾರಿದರೆ ಒಂದು ಆಸರೆ ಕುಸಿದು ಉಳಿದವುಗಳ ಮೇಲೆ ಭಾರ ಬೀಳುತ್ತದೆ. ಅಗಲದ ಹಲಗೆ ಹಾಸಿ, ಮೇಲೆ ಕೆಂಪುಕಲ್ಲು, ಅದರ ಮೇಲೆ ಹಳೆಯ ಟೈರಿನ ತುಂಡು. ಮೊದಲ ದೊಡ್ಡ ಮಳೆಯ ಮರುದಿನ ಹೋಗಿ ಪ್ರತಿ ಆಸರೆಯನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ಸಡಿಲವಾದದ್ದಕ್ಕೆ ಮರದ ಬೆಣೆ ಹೊಡೆಯಿರಿ.

ಮೂತಿ ಹಿಂಬದಿಗಿಂತ ಒಂದಡಿಯಷ್ಟು ಮೇಲಿರಲಿ. ಒಳಗಿನ ನೀರು ಹೊರಹೋಗುವ ತೂತಿನ ಡ್ರೈನ್ ಪ್ಲಗ್ ಬಿಚ್ಚಿ ಅದನ್ನು ಸ್ಟಾರ್ಟರ್ ಹಗ್ಗಕ್ಕೇ ಕಟ್ಟಿ, ಹಾಗಾದರೆ ಆಗಸ್ಟ್‌ನಲ್ಲಿ ಪ್ಲಗ್ ಹಾಕದೆ ನೀರಿಗಿಳಿಸುವ ಪ್ರಮೇಯ ಬರುವುದಿಲ್ಲ. ತೂತಿಗೆ ಒಳಗಿನಿಂದ ತಂತಿ ಜಾಲರಿ ಇಡಿ. ಒಂದೇ ಒಂದು ಮಾವಿನ ಎಲೆ ಆ ತೂತಿಗೆ ಕೂತರೆ ಮೇಲಿನ ಒಂದು ಟನ್ನಿನ ಲೆಕ್ಕ ನಿಜವಾಗುತ್ತದೆ.

ಟಾರ್ಪಾಲಿನ ತಪ್ಪು ಬಟ್ಟೆಯಲ್ಲಿಲ್ಲ, ಕಟ್ಟಿದ ರೀತಿಯಲ್ಲಿದೆ. ದೋಣಿಯ ಬಾಯಿಗೆ ಚಪ್ಪಟೆಯಾಗಿ ಎಳೆದು ಕಟ್ಟಿದರೆ ನಡುವೆ ನೀರು ನಿಂತು, ಜೋತು, ಕೊನೆಗೆ ಹರಿಯುತ್ತದೆ. ಉದ್ದಕ್ಕೆ ಒಂದು ಬಿದಿರನ್ನು ದೋಣಿಯ ಅಂಚಿಗಿಂತ ಮೂರಡಿ ಎತ್ತರದಲ್ಲಿ ಕಟ್ಟಿ, ಮನೆಯ ಮಾಡಿನಂತೆ ಎರಡೂ ಕಡೆ ಇಳಿಜಾರು ಬರಲಿ. ಹಗ್ಗವನ್ನು ಟಾರ್ಪಾಲಿನ ಕಣ್ಣಿಗೆ ಮಾತ್ರ ಕಟ್ಟದೆ ದೋಣಿಯ ಅಡಿಯಿಂದ ಈಚೆಗೆ ತಂದು ಬಿಗಿಯಿರಿ. ಮುಂದೆ, ಹಿಂದೆ ಎರಡೂ ತುದಿ ತೆರೆದಿರಬೇಕು, ಗಾಳಿ ಹಾಯಬೇಕು. ತೆಂಗಿನ ಮಡಲಿನ ಚಪ್ಪರ ಹಾಕುವವರು ಈಗಲೂ ಇದ್ದಾರೆ. ಕಡಿದಾದ ಇಳಿಜಾರು ಕೊಟ್ಟರೆ ನಮ್ಮ ಅಭಿಪ್ರಾಯದಲ್ಲಿ ಅದು ಅಗ್ಗದ ನೀಲಿ ಪ್ಲಾಸ್ಟಿಕ್ಕಿಗಿಂತ ಒಳ್ಳೆಯದು, ಅದರಡಿ ಬೆವರುವುದಿಲ್ಲ. ಇಲಿ ಸೇರದಂತೆ ಮಾತ್ರ ನೋಡಿಕೊಳ್ಳಬೇಕು. ತೇಲುವ ಫೋಮ್ ತುಂಬಿದ ಕೋಣೆಗಳ ಮುಚ್ಚಳ, ಮೀನಿನ ಪೆಟ್ಟಿಗೆಯ ಮುಚ್ಚಳ ಎಲ್ಲವನ್ನೂ ಹೊದಿಕೆಯ ಕೆಳಗೆ ತೆರೆದೇ ಇಡಿ.

ದೋಣಿ ಎಳೆದ ದಿನವೇ ಅಡಿಗೆ ಅಂಟಿದ ಚಿಪ್ಪು, ಪಾಚಿಯನ್ನು ಹಸಿ ಇರುವಾಗಲೇ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಒಣಗಿದ ಮೇಲೆ ಕಬ್ಬಿಣ ಹಿಡಿಯಬೇಕಾಗುತ್ತದೆ, ಆಗ ಫೈಬರಿನ ಮೇಲಿನ ನುಣುಪು ಪದರ (ಜೆಲ್‌ಕೋಟ್) ಕಿತ್ತುಬರುತ್ತದೆ. ಚಿಪ್ಪು ಕಟ್ಟದ ವಿಷಬಣ್ಣ ಬಳಿದ ಅಡಿಯನ್ನು ಒಣಗಿಸಿ ಉಜ್ಜಬೇಡಿ, ನೀರು ಹಾಕಿಯೇ ಉಜ್ಜಿ. ಅದರ ತಾಮ್ರದ ಧೂಳು ಎದೆಗೆ ಹೋಗಬಾರದು.

ಇಡುವ ಜಾಗದ ಬಗ್ಗೆಯೂ ಹೇಳಬೇಕು. ಮೇ ತಿಂಗಳ ಭರತದ ಗೆರೆ ನೋಡಿ ಜಾಗ ಆರಿಸಬೇಡಿ. ಜೂನ್, ಜುಲೈನ ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಭರತದ ಜತೆ ಗಾಳಿ ಸೇರಿದರೆ ಅಲೆ ಎಷ್ಟು ಮೇಲೆ ಬರುತ್ತದೆಂಬುದು ಉಳ್ಳಾಲ, ಮರವಂತೆಯ ಜನಕ್ಕೆ ಚೆನ್ನಾಗಿ ಗೊತ್ತು. ರಸ್ತೆಯ ಆಚೆ ಅಥವಾ ಹೊಳೆಯ ಒಳಬದಿಯ ದಡದಲ್ಲಿ ಜಾಗ ಸಿಕ್ಕರೆ ಎಳೆಯುವ ಕಷ್ಟ ಹೆಚ್ಚಾದರೂ ಅಲ್ಲೇ ಇಡಿ.

ಪ್ರಶ್ನೆ: ಅಘನಾಶಿನಿ ಹಿನ್ನೀರಿನಲ್ಲಿ ಬಳಸುವ ಮರದ ಸಣ್ಣ ದೋಣಿ. ಮಳೆಗಾಲದಲ್ಲಿ ಕವುಚಿ ಇಡಬೇಕೇ? ಗೇರೆಣ್ಣೆ ಹಚ್ಚಿದರೆ ಸಾಕೇ? — ಕುಮಟಾ ತಾಲೂಕಿನ ಓದುಗರು

ಉತ್ತರ: ಕವುಚಿ ಇಡಿ. ಎರಡು ದಿಮ್ಮಿಗಳ ಮೇಲೆ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಗಾಳಿಗೆ ಹಾರದಂತೆ ಕಟ್ಟಿ. ಮರಕ್ಕೆ ಉಪ್ಪುನೀರು ಅಷ್ಟು ಕೆಡುಕಲ್ಲ, ಸಿಹಿನೀರೇ ಕೆಡುಕು. ಮರದ ತೇವ ಶೇ 20 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆದು ಕುಂಬಾಗುತ್ತದೆ. ಉಪ್ಪು ಅದನ್ನು ತಡೆಯುತ್ತದೆ, ಮಳೆನೀರು ಆ ಉಪ್ಪನ್ನು ತೊಳೆದುಬಿಡುತ್ತದೆ. ದೋಣಿಯೊಳಗೆ ನಿಂತ ಮಳೆನೀರು ಮೊದಲು ತಿನ್ನುವುದು ಹಲಗೆಗಳ ತುದಿಯನ್ನು ಮತ್ತು ಮೊಳೆಯ ಸುತ್ತಲಿನ ಜಾಗವನ್ನು. ಅಲ್ಲಿ ಚಾಕುವಿನ ಮೊನೆ ಒತ್ತಿ ನೋಡಿ, ಮೆತ್ತಗೆ ಇಳಿದರೆ ಆ ತುಂಡು ತೆಗೆಯಲೇಬೇಕು. ಮರ ಕೊರೆಯುವ ಹುಳು ದಡದಲ್ಲಿ ಒಣಗಿದರೆ ಸಾಯುತ್ತದೆ, ಆದರೆ ಅದು ಕೊರೆದ ಸುರಂಗಗಳು ಉಳಿಯುತ್ತವೆ. ಹೊರಗೆ ಸೂಜಿಮೊನೆಯ ತೂತು ಕಂಡರೂ ಒಳಗೆ ಬೆರಳು ಹೋಗುವಷ್ಟು ಪೊಳ್ಳು ಇರಬಹುದು, ಬಡಿದು ಸದ್ದು ಕೇಳಿ.

ಗೇರುಬೀಜದ ಸಿಪ್ಪೆಯೆಣ್ಣೆ ಒಳ್ಳೆಯದೇ. ಆದರೆ ಅದನ್ನು ಮೇ ತಿಂಗಳ ಬಿಸಿಲಿನಲ್ಲಿ, ಸಿಹಿನೀರಲ್ಲಿ ತೊಳೆದು ವಾರವಾದರೂ ಒಣಗಿಸಿದ ಮರಕ್ಕೆ ಹಚ್ಚಬೇಕು. ಒದ್ದೆ ಮರಕ್ಕೆ ಹಚ್ಚಿದರೆ ತೇವವನ್ನು ಒಳಗೇ ಮುಚ್ಚಿದಂತಾಗುತ್ತದೆ. ಒಂದೇ ಸಲ ದಪ್ಪಗೆ ಬಳಿಯದೆ ತೆಳುವಾಗಿ ಎರಡು ಮೂರು ಕೈ, ಒಂದು ಒಣಗಿದ ಮೇಲೆ ಇನ್ನೊಂದು. ಹಲಗೆಯ ತುದಿಗಳಿಗೆ ಒಂದು ಕೈ ಹೆಚ್ಚು. ಕೈಗವಸು ಹಾಕದೆ ಮುಟ್ಟಬೇಡಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಪ್ರಶ್ನೆ: ಪ್ರವಾಸಿ ಬೋಟಿನ ಬ್ಯಾಟರಿ ಪ್ರತಿ ವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ಸತ್ತಿರುತ್ತದೆ. — ಮಲ್ಪೆಯ ಓದುಗರು

ಉತ್ತರ: ನಿಮ್ಮ ಬೋಟು ಮೀನುಗಾರರದಕ್ಕಿಂತ ಹೆಚ್ಚು ಕಾಲ ದಡದಲ್ಲಿರುತ್ತದೆ. ಲೆಡ್-ಆ್ಯಸಿಡ್ ಬ್ಯಾಟರಿ ಸುಮ್ಮನೆ ಇಟ್ಟರೂ ಇಳಿಯುತ್ತದೆ. ಇಳಿದೇ ಇದ್ದರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಬೋಟಿನಿಂದ ತೆಗೆಯಿರಿ, ಮೊದಲು ನೆಗೆಟಿವ್ ವೈರ್ ಬಿಚ್ಚಿ. ಡಿಸ್ಟಿಲ್ಡ್ ನೀರು ಮಟ್ಟಕ್ಕೆ ತುಂಬಿಸಿ ಪೂರ್ತಿ ಚಾರ್ಜ್ ಮಾಡಿ. ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ಮೇಲಿರಬೇಕು. ತಿಂಗಳಿಗೊಮ್ಮೆ ಮೀಟರ್ ಹಿಡಿಯಿರಿ, 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿ. ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್ ಸೆಟ್‌ಗಳನ್ನು ಬಿಚ್ಚಿ ಮನೆಯೊಳಗೆ ಸಿಲಿಕಾ ಜೆಲ್ ಜತೆ ಡಬ್ಬಿಯಲ್ಲಿಡಿ. ಲೈಫ್ ಜಾಕೆಟ್‌ಗಳನ್ನು ಸಿಹಿನೀರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ತೂಗುಹಾಕಿ. ಒಂದರ ಮೇಲೊಂದು ಪೇರಿಸಿದರೆ ಫೋಮ್ ಅಮುಕಿ ತೇಲುವ ಶಕ್ತಿ ಕುಗ್ಗುತ್ತದೆ. ಜನರ ಜೀವ ಅದರ ಮೇಲಿರುವುದರಿಂದ ಹೊಲಿಗೆ ಬಿಟ್ಟಿದ್ದನ್ನು ಇಟ್ಟುಕೊಳ್ಳಲೇಬೇಡಿ.

ಪ್ರಶ್ನೆ: ಫೈಬರ್ ದೋಣಿಯ ಬಿರುಕಿಗೆ ಜುಲೈನ ಬಿಡುವಿನಲ್ಲಿ ನಾವೇ ಮ್ಯಾಟ್ (ಗಾಜಿನ ನಾರಿನ ಹಾಸು) ಹಾಕಿದೆವು. ಸೆಪ್ಟೆಂಬರಿನಲ್ಲಿ ಹಾಳೆಯಂತೆ ಎದ್ದು ಬಂತು. — ಕಾರವಾರದ ಓದುಗರು

ಉತ್ತರ: ಜುಲೈ ಈ ಕೆಲಸಕ್ಕೆ ತಕ್ಕ ತಿಂಗಳಲ್ಲ. ಗಾಳಿಯ ತೇವ ಶೇ 80ಕ್ಕಿಂತ ಮೇಲಿದ್ದರೆ ಮ್ಯಾಟ್ ತೇವ ಹೀರಿ, ಅಂಟುದ್ರವವಾದ ರೆಸಿನ್ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ, ಬೆಳ್ಳಗೆ ಉಳಿಯುತ್ತದೆ. ಮೇ ತಿಂಗಳಲ್ಲೇ ಮಾಡಿ, ಇಲ್ಲವೇ ಮಳೆ ನಿಂತು ನಾಲ್ಕು ದಿನ ಬಿಸಿಲು ಕಂಡ ಮೇಲೆ ಮಾಡಿ. ಅಷ್ಟರವರೆಗೆ ಬಿರುಕಿನ ಮೇಲೆ ಏನನ್ನೂ ಬಳಿಯದೆ ಒಣಗಲು ಬಿಡಿ.

ಎರಡನೆಯ ತಪ್ಪು, ಬಿರುಕಿನ ಸುತ್ತ ಸಾಕಷ್ಟು ಉಜ್ಜದೇ ಇರುವುದು. ಹಳೆಯ ಫೈಬರ್ ಮೇಲೆ ಹೊಸದು ನಿಲ್ಲುವುದು ಅಂಟಿನ ಬಲದಿಂದಲೇ, ಹಾಗಾಗಿ ಅಂಟುವ ಜಾಗ ಅಗಲ ಬೇಕು. ದಪ್ಪದ 12 ಪಟ್ಟು ಇಳಿಜಾರು ಎಂಬುದು ಲೆಕ್ಕ. 4 ಮಿ.ಮೀ. ದಪ್ಪದ ಮೈಗೆ ಬಿರುಕಿನ ಎರಡೂ ಕಡೆ ಸುಮಾರು 5 ಸೆಂ.ಮೀ. ಬಟ್ಟಲಿನಂತೆ ತೆಳುವಾಗುತ್ತ ಉಜ್ಜಬೇಕು. ಉಜ್ಜುವ ಮೊದಲು ಸಿಹಿನೀರಲ್ಲಿ ಉಪ್ಪು ತೊಳೆದು, ಒಣಗಿಸಿ, ಅಸಿಟೋನ್ ಬಟ್ಟೆಯಿಂದ ಎಣ್ಣೆ, ಮೇಣ ಒರೆಸಿ. ಮೊದಲೇ ಉಜ್ಜಿದರೆ ಆ ಎಣ್ಣೆಯನ್ನು ಫೈಬರಿನೊಳಗೆ ತಿಕ್ಕಿದಂತಾಗುತ್ತದೆ. ಧೂಳಿಗೆ ಮಾಸ್ಕ್ ಬೇಕೇ ಬೇಕು.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರಕ್ಕೆ ಸುಮಾರು 1 ಮಿ.ಮೀ. ದಪ್ಪ ಬರುತ್ತದೆ. 4 ಮಿ.ಮೀ.ಗೆ ನಾಲ್ಕು ಪದರ, ಮೇಲೊಂದು. ಅಗಲದ ತುಂಡು ಮೊದಲು, ಚಿಕ್ಕದು ಆಮೇಲೆ. ಮ್ಯಾಟಿನ ತೂಕದ ಎರಡೂವರೆ ಪಟ್ಟು ರೆಸಿನ್ ಹಿಡಿಯುತ್ತದೆ, ಒಂದಡಿ ಬಿರುಕಿಗೆ ಅರ್ಧ ಕೆ.ಜಿ. ಧಾರಾಳ. ಒಮ್ಮೆಗೆ 250 ಗ್ರಾಂ ಮಾತ್ರ ಕಲಸಿ, ಅದಕ್ಕೆ ಗಟ್ಟಿಯಾಗಿಸುವ ಹಾರ್ಡನರ್ 3ರಿಂದ 4 ಮಿ.ಲೀ. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಕಾದು ಬಿರಿಯುತ್ತದೆ. ಆ ಕ್ರಿಯೆಯ ವೇಗ ಹೆಚ್ಚಿಸುವ ಆಕ್ಸಿಲರೇಟರ್ ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿಗೆ ಪೂರ್ತಿ ಬೆರೆಸಿ, ಆಮೇಲಷ್ಟೇ ಹಾರ್ಡನರ್. ಅವೆರಡನ್ನೂ ನೇರ ಸೇರಿಸಿದರೆ ಬೆಂಕಿ ಹತ್ತಿ ಸಿಡಿಯುತ್ತದೆ. ಒಂದೇ ಅಳತೆ ಲೋಟವನ್ನು ಎರಡಕ್ಕೂ ಬಳಸಲೂಬೇಡಿ.

ಎಂಜಿನ್ ಕಟ್ಟುವ ಹಿಂಬದಿ ಹಲಗೆಯನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಫೈಬರಿನ ಒಳಗಿರುವುದು ಪ್ಲೈವುಡ್. ಬೋಲ್ಟಿನ ತೂತಿನಿಂದ ನೀರು ಇಳಿದು ಅದು ಕೊಳೆಯುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿ, ಕಣಕಣ ಸದ್ದಿನ ಬದಲು ಡಬ್ ಎಂದರೆ ಒಳಗೆ ಕೊಳೆತಿದೆ. ಕೊಳೆತಿಲ್ಲದಿದ್ದರೆ ತೂತುಗಳನ್ನು ಪಾಲಿಯುರಿಥೇನ್ ಸೀಲಂಟ್‌ನಿಂದ ಮುಚ್ಚಿ. ಬಚ್ಚಲುಮನೆಗೆ ಬಳಸುವ ಸಿಲಿಕಾನ್ ಬೇಡ. ಅದು ಬಳಿದ ಜಾಗಕ್ಕೆ ಮುಂದೆ ರೆಸಿನ್ ಕೂಡ ಹಿಡಿಯುವುದಿಲ್ಲ.

ಪ್ರಶ್ನೆ: ಕೆರೆಯಲ್ಲಿ ಮೀನು ಹಿಡಿಯಲು 16 ಅಡಿಯ ಅಲ್ಯುಮಿನಿಯಂ ಬೋಟು, ಫೋರ್-ಸ್ಟ್ರೋಕ್ ಔಟ್‌ಬೋರ್ಡ್ ಇದೆ. ಇಲ್ಲಿನ ಚಳಿಗೆ ನಿಮ್ಮ ಕ್ರಮದಲ್ಲಿ ಏನು ಬದಲಾಗುತ್ತದೆ? — ಅಮೆರಿಕದ ಮಿನೆಸೋಟದ ಕನ್ನಡಿಗ ಓದುಗರು

ಉತ್ತರ: ನಿಮಗೆ ಉಪ್ಪಿನ ಚಿಂತೆಯಿಲ್ಲ, ಮಂಜುಗಡ್ಡೆಯ ಚಿಂತೆ. ನೀರು ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗುತ್ತದೆ. ಗೇರ್ ಕೇಸಿನಲ್ಲಿ ಸೇರಿದ ನೀರು ಅದನ್ನು ಸೀಳಬಲ್ಲದು, ಆದ್ದರಿಂದ ಗೇರ್ ಆಯಿಲ್ ಬದಲಿಸುವುದು ನಿಮಗೆ ಇನ್ನೂ ಕಡ್ಡಾಯ. ಔಟ್‌ಬೋರ್ಡನ್ನು ನೆಟ್ಟಗೆ ನಿಲ್ಲಿಸಿದರೆ ಬ್ಲಾಕಿನ ನೀರು ತಾನೇ ಇಳಿದುಹೋಗುತ್ತದೆ, ಆಂಟಿಫ್ರೀಜ್ ಬೇಕಿಲ್ಲ. ಎಂಜಿನ್ ಆಯಿಲ್ ಮತ್ತು ಫಿಲ್ಟರನ್ನು ಬಿಸಿ ಇರುವಾಗಲೇ ಬದಲಿಸಿ, ಓಡಿದ ಆಯಿಲಿನ ಆಮ್ಲ ಚಳಿಗಾಲವಿಡೀ ಬೇರಿಂಗ್ ಮೇಲೆ ಕೂರಬಾರದು. ಪೆಟ್ರೋಲಿಗೆ ಸ್ಟೆಬಿಲೈಜರ್ ಹಾಕಿ 10 ನಿಮಿಷ ಓಡಿಸಿ, ಅದು ಕಾರ್ಬೊರೇಟರ್ ಅಥವಾ ಇಂಜೆಕ್ಟರ್‌ವರೆಗೆ ತಲುಪಲಿ. ಹೊದಿಕೆಯ ಇಳಿಜಾರು ಮಾತ್ರ ನಮ್ಮಷ್ಟೇ ಮುಖ್ಯ, ಹಿಮದ ಭಾರವೂ ಕಡಿಮೆಯಲ್ಲ.

ಪ್ರಶ್ನೆ: ಆಗಸ್ಟ್‌ನಲ್ಲಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ಏನು ಗಮನಿಸಬೇಕು? — ಹೊನ್ನಾವರದ ಓದುಗರು

ಉತ್ತರ: ಕಡಲಿಗಿಳಿಸುವ ಮೊದಲು ಡ್ರಮ್ಮಿನಲ್ಲೇ ಸ್ಟಾರ್ಟ್ ಮಾಡಿ. ಹಳೆಯ ಪ್ಲಗ್ ಹಾಕಿಯೇ ಓಡಿಸಿ, ಸಿಲಿಂಡರಿಗೆ ಹಾಕಿದ ಆಯಿಲ್ ಉರಿದು ಹೊಗೆ ನಿಂತ ಮೇಲೆ ಹೊಸ ಪ್ಲಗ್ ಹಾಕಿ. ಮೊದಲೇ ಹೊಸದು ಹಾಕಿದರೆ ಅದೂ ಆಯಿಲಿನಲ್ಲಿ ನೆನೆಯುತ್ತದೆ. ಇಂಧನ ಹೊಸದೇ ಇರಲಿ. ಪೈಪಿನ ರಬ್ಬರ್ ಬಲ್ಬನ್ನು ಒತ್ತಿ ಗಟ್ಟಿಯಾಗುತ್ತದೆಯೇ ನೋಡಿ, ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ವಾಲ್ವ್ ಹೋಗಿದೆ. ಎಂಜಿನ್ ಹಿಡಿದೊಡನೆ ಪಕ್ಕದ ತೂತಿನಿಂದ ನೀರಿನ ಧಾರೆ ಬರಬೇಕು. ಅರ್ಧ ನಿಮಿಷ ಕಳೆದರೂ ಬಾರದಿದ್ದರೆ ನಿಲ್ಲಿಸಿ ಆ ತೂತಿಗೆ ಸಣ್ಣ ತಂತಿ ಹಾಕಿ ನೋಡಿ, ಎಷ್ಟೋ ಸಲ ಕಣಜದ ಹುಳು ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ. ತೂತು ಸರಿಯಿದ್ದೂ ನೀರು ಬಾರದಿದ್ದರೆ ಇಂಪೆಲ್ಲರ್ ಬದಲಿಸದೆ ಮತ್ತೆ ಸ್ಟಾರ್ಟ್ ಮಾಡಬೇಡಿ.